ನಾಲ್ಕು ಮೂಲೆಗೆ ಅರಿಶಿನ

ನನ್ನ ಕೈಚೀಲದಲ್ಲಿ ಬೇರೆ ಏನಿರಲಿ ಬಿಡಲಿ, ಮೊಳ ಉದ್ದ ಮೊಳ ಅಗಲದ ಒಂದು ಬಿಳಿ ಬಟ್ಟೆಯಂತೂ ಇದ್ದೇ ಇರುತ್ತದೆ. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದು. ಕನ್ನಡಕ ಮರೆತು ಹೋದದ್ದುಂಟು, ಪಾಸ್‌ಪೋರ್ಟ್ ಮರೆತು ವಿಮಾನ ನಿಲ್ದಾಣದ ಬಾಗಿಲಿನಿಂದ ಮನೆಗೆ ಓಡಿದ್ದೂ ಉಂಟು. ಈ ಬಟ್ಟೆಯನ್ನು ಮಾತ್ರ ಮರೆತದ್ದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಮೊದಲ ಸಲ ಘಾನಾ ದೇಶಕ್ಕೆ ಹೋದಾಗ, ಸಾಮಾನು ತಪಾಸಣೆ ಮಾಡುವ ಅಧಿಕಾರಿಯೊಬ್ಬರು ಇದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಮೂಸಿದರು. ಏನಿದು ಅಂದರು. ನೀರು ಸೋಸುವ ಬಟ್ಟೆ ಅಂದೆ. ಈ ಹಳದಿ ಏನು ಅಂದರು. ಈಗ ನೋಡಿ, ಹೆಸರಿನ ಮುಂದೆ ಮಾರುದ್ದ ಡಿಗ್ರಿ ಇಟ್ಟುಕೊಂಡ ಹೆಂಗಸು ನಾನು, ಅರಿಶಿನ ಯಾಕೆ ಅಂತ ಹೇಳಲು ನಾಲಿಗೆ ಹೊರಳಲಿಲ್ಲ. ಕ್ರಿಮಿ ಸಾಯುತ್ತದೆ ಅನ್ನಲೇ? ಸುಳ್ಳಾಗುತ್ತದೆ. ಶುಭ ಅನ್ನಲೇ? ವಿಜ್ಞಾನಿಯ ಮರ್ಯಾದೆ ಏನಾಗಬೇಕು? ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ, "ನಮ್ಮಕ್ಕ ಹಚ್ಚಿ ಕೊಟ್ಟಿದ್ದು" ಅಂದುಬಿಟ್ಟೆ. ಆ ಮನುಷ್ಯ ಒಂದು ಗಳಿಗೆ ನನ್ನ ಮುಖ ನೋಡಿ, ಬಟ್ಟೆಯನ್ನು ಅದರ ಹಳೆಯ ಮಡಿಕೆಯಲ್ಲೇ ಮಡಚಿ ಕೊಟ್ಟರು. ತಮಗೂ ಒಬ್ಬ ಅಕ್ಕ ಇದ್ದಾಳೆ ಅಂದರು.

ನನ್ನ ಕಸುಬು ಸಾಂಕ್ರಾಮಿಕ ರೋಗಗಳ ಸಂಶೋಧನೆ. ಹೀಗಂದರೆ ಜನ ಬಿಳಿ ಕೋಟು, ಗಾಜಿನ ಕೊಳವೆ, ನೀಲಿ ದೀಪ ಎಲ್ಲ ಕಲ್ಪಿಸಿಕೊಳ್ಳುತ್ತಾರೆ. ಜೊತೆಯವರು ಕಣ್ಣಿಗೆ ಕಾಣದ ವೈರಸ್ಸುಗಳ ಬೆನ್ನು ಹತ್ತಿ ದೊಡ್ಡವರಾದರು. ನಾನು ಬೆನ್ನು ಹತ್ತಿದ್ದು ಮೊಳಕ್ಕಿಂತ ಉದ್ದದ ಒಂದು ಹುಳವನ್ನು. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಡ, ಎರಡು ಕಣ್ಣು ಮತ್ತು ಗಟ್ಟಿ ಹೊಟ್ಟೆ ಇದ್ದರೆ ಸಾಕು. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರಲ್ಲ, ನಾನು ಘಾನಾ, ಸುಡಾನ್, ನೈಜೀರಿಯಾ ಅಂತ ದೇಶ ಸುತ್ತಿದ್ದೇನೋ ನಿಜ, ಓದಿದ್ದೆಲ್ಲ ಕೆರೆ ಬಾವಿಗಳನ್ನೇ. ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡದೆ ಕುಡಿಯುವುದಿಲ್ಲ. ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ ನೀರು ಬಡಿಸುವವರು ಪಕ್ಕದ ಸಾಲಿಗೆ ಜಾರಿಕೊಳ್ಳುತ್ತಾರೆ. "ಹುಳದ ಡಾಕ್ಟರು ಬಂದಾಳ, ತಂಬಗಿ ಮುಚ್ಚಿಡ್ರಿ" ಅಂತ ಬಂಧುಗಳು ನನ್ನೆದುರಿಗೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಆ ಹುಳದ ಹೆಸರು ನಮ್ಮ ಕಡೆ ನಾರು. ಅದರಿಂದಾಗುವುದು ನಾರುಹುಣ್ಣು. ನೀವು ನೋಡಿಲ್ಲವೆಂದರೆ ಅದು ನಿಮ್ಮ ಪುಣ್ಯ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಬೆಳೆದವರಿಗೆ ಅದು ನೆಗಡಿ ಕೆಮ್ಮಿನಷ್ಟೇ ಪರಿಚಯದ್ದು. ಬಾವಿಯ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಜೀವಿಗಳಿರುತ್ತವೆ, ಅವುಗಳ ಹೊಟ್ಟೆಯಲ್ಲಿ ಈ ಹುಳದ ಮರಿ. ಸೋಸದೆ ಕುಡಿದವರ ಮೈಯಲ್ಲಿ ಅದು ಸದ್ದಿಲ್ಲದೆ ಒಂದು ವರ್ಷ ಬೆಳೆದು, ಒಂದು ದಿನ ಕಾಲಲ್ಲೋ ಮೊಣಕಾಲಲ್ಲೋ ಬೊಬ್ಬೆ ಎಬ್ಬಿಸಿ, ಬಿಳಿ ದಾರದ ಹಾಗೆ ತಲೆ ಹೊರಗೆ ಹಾಕುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಾಳದೆ ಜನ ಬಾವಿಗಿಳಿದು ಕಾಲು ಅದ್ದುತ್ತಾರೆ, ಹುಳ ಕಾಯುತ್ತಿದ್ದುದೇ ಅದಕ್ಕೆ, ನೀರು ಸೋಕಿದೊಡನೆ ಮರಿಗಳನ್ನು ಬಿಡುತ್ತದೆ. ಮತ್ತೆ ಅದೇ ನೀರು, ಅದೇ ಕೊಡ, ಅದೇ ಗಂಟಲು.

ಯಲಬುರ್ಗಾಕ್ಕೆ ಎರಡು ಮೈಲಿ ದೂರದ ನಮ್ಮೂರಲ್ಲಿ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ಪಾವಟಿಗಿ ಬಾವಿ ಅಂತಿದ್ದೆವು, ಅಂದರೆ ಮೆಟ್ಟಿಲಿನದು. ಇಪ್ಪತ್ತು ಮೆಟ್ಟಿಲು ಇಳಿದು, ಪಾದ ಮುಳುಗುವಷ್ಟು ನೀರಲ್ಲಿ ನಿಂತು ಕೊಡ ತುಂಬಬೇಕು. ನನ್ನ ಅಕ್ಕ ಗೌರವ್ವ ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ ಇಟ್ಟುಕೊಂಡು ಒಂದೇ ಉಸಿರಿಗೆ ಆ ಮೆಟ್ಟಿಲು ಹತ್ತುತ್ತಿದ್ದಳು. ಅವಳಿಗೆ ಆಗ ಹದಿಮೂರು, ನನಗೆ ಏಳು. ನನ್ನ ಕೈಯಲ್ಲಿ ಒಂದು ಸಣ್ಣ ತಂಬಿಗೆ, ಮನೆ ಮುಟ್ಟುವಷ್ಟರಲ್ಲಿ ಅದರಲ್ಲಿ ಅರ್ಧ ನೀರು ನನ್ನ ಲಂಗಕ್ಕೆ. ಮೆಟ್ಟಿಲು ಹತ್ತುವಾಗ ಅಕ್ಕ ನನಗೆ ಮಗ್ಗಿ ಹೇಳಿಸುತ್ತಿದ್ದಳು, ಒಂದು ಮೆಟ್ಟಿಲಿಗೆ ಒಂದು ಸಾಲು. ಇವತ್ತಿಗೂ ನನಗೆ ಹದಿಮೂರರ ಮಗ್ಗಿ ಬೇಕಾದರೆ ಕಾಲು ಎತ್ತಿಡಬೇಕು, ಕುಂತಲ್ಲಿ ಬರುವುದಿಲ್ಲ.

ಅಕ್ಕ ಓದಿನಲ್ಲಿ ಊರಿಗೆಲ್ಲ ಮುಂದು. ಅಕ್ಷರವಂತೂ ಬಲು ಚೆಂದ. ಊರಿನವರ ಕಾಗದ ಪತ್ರ ಬರೆಯುತ್ತಿದ್ದದ್ದು ಅವಳೇ. ಏಳನೇ ಕ್ಲಾಸಿನ ಪರೀಕ್ಷೆ ಯಲಬುರ್ಗಾದಲ್ಲಿ, ಅದರಲ್ಲಿ ಪಾಸಾದರೆ ಅಲ್ಲೇ ಹೈಸ್ಕೂಲು. ನಮ್ಮೂರಿನಿಂದ ಅಲ್ಲಿಯವರೆಗೆ ಹೋದ ಹೆಣ್ಣುಮಗಳು ಇನ್ನೂ ಒಬ್ಬಳಿರಲಿಲ್ಲ. ಸಾಲಿ ಮಾಸ್ತರು ಅಪ್ಪನ ಎದುರು ಬಂದು ಕುಂತು, "ಈ ಹುಡುಗಿನ್ನ ಬಿಡಸಬ್ಯಾಡ್ರಿ" ಅಂತ ಕೈ ಮುಗಿದು ಹೋಗಿದ್ದರು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಅಕ್ಕನ ಬಲ ಮೊಣಕಾಲಿನಲ್ಲಿ ನಾರು ಎದ್ದಿತು.

ನಾರು ಸುತ್ತಲು ನಮ್ಮೂರಲ್ಲಿ ಹುಸೇನವ್ವ ಅಂತ ಒಬ್ಬ ಮುದುಕಿ ಇದ್ದಳು. ಆಕೆಯ ಕೆಲಸದ ಬಗೆಯೇ ಬೇರೆ. ದಿನಾ ಬೆಳಿಗ್ಗೆ ಬಂದು, ಔಡಲೆಣ್ಣೆ ಹಚ್ಚಿ, ಹುಳದ ತುದಿಯನ್ನು ಕಸಬರಿಗೆಯ ಕಡ್ಡಿಗೆ ಸಿಕ್ಕಿಸಿ, ಒಂದೇ ಒಂದು ಸುತ್ತು ಸುತ್ತುವಳು. ಬೆರಳಗಲ ಬಂದರೆ ಅವತ್ತಿನ ಮಟ್ಟಿಗೆ ಮುಗಿಯಿತು. ಕಡ್ಡಿಯನ್ನು ಹಾಗೇ ಕಾಲಿಗೆ ಅರಿವೆಯಿಂದ ಕಟ್ಟಿ, ನಾಳೆ ಮತ್ತೆ ಒಂದು ಸುತ್ತು. ಸುತ್ತುವಾಗ ಹುಳದ ಜೊತೆ ಮಾತಾಡುತ್ತಿದ್ದಳು. "ಬಾ ನನ್ನವ್ವ, ಬಾ. ಅವಸರ ಇಲ್ಲ. ನಿನ್ನ ಯಾರೂ ಬಯ್ಯಂಗಿಲ್ಲ." ಅಕ್ಕ ನೋವಿಗೆ ಹಲ್ಲು ಕಚ್ಚುತ್ತಿದ್ದರೆ, "ಆಕಿ ಬಸರಿ ಅದಾಳ, ಗೌರಿ. ಬಸರಿ ಹೆಂಗಸಿನ್ನ ಸಿಟ್ಟಿಗೆಬ್ಬಿಸಬಾರದು. ಸಿಟ್ಟಿಗೆದ್ದಳಂದ್ರ ಒಳಗ ಹೊಕ್ಕು ಕಾಲನ್ನ ತಿಂತಾಳ" ಅನ್ನುವಳು. ಎಷ್ಟೋ ವರ್ಷದ ಮೇಲೆ ಇಂಗ್ಲಿಷ್ ಪುಸ್ತಕದಲ್ಲಿ ಓದಿದೆ, ಹೊರಗೆ ಬರುವ ನಾರುಹುಳಗಳೆಲ್ಲ ಹೆಣ್ಣೇ, ಎಲ್ಲವೂ ಬಸುರಿಯೇ. ಓದು ಬಾರದ ಹುಸೇನವ್ವ ಇದನ್ನು ಎಲ್ಲಿ ಓದಿದ್ದಳೋ ಕಾಣೆ.

ಒಂದು ಸಂಜೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಅಳುವುದನ್ನು ಕಂಡೆ. ಪುಸ್ತಕ ಎದೆಯ ಮೇಲಿತ್ತು. "ಯಾಕ ಅಳ್ತಿ ಅಕ್ಕಾ?" ಅಂದೆ. "ಇದು ಹೊರಗ ಬರಾಕ ಇನ್ನೂ ತಿಂಗಳು ಬೇಕಂತ. ಪರೀಕ್ಷಿ ಮುಗದ ಹೋಗತೈತಿ" ಅಂದಳು.

ನನಗೆ ತಡೆಯಲಿಲ್ಲ. ಇಡೀ ರಾತ್ರಿ ಯೋಚಿಸಿದೆ ಅಂದರೆ ಸುಳ್ಳು, ಏಳು ವರ್ಷದ ಮಕ್ಕಳು ರಾತ್ರಿ ನಿದ್ದೆ ಮಾಡುತ್ತವೆ. ಆದರೆ ಬೆಳಿಗ್ಗೆ ಎದ್ದಾಗ ಉಪಾಯ ಸಿದ್ಧವಾಗಿತ್ತು. ಅವ್ವ ಕೌದಿ ಹೊಲಿಯುವಾಗ ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಅರಿವೆ ಕೂಡಿಸುತ್ತಾಳೆ, ಸಣ್ಣ ಹೊಲಿಗೆ ಮುಗಿದ ಮೇಲೆ ಆ ಕಚ್ಚಾ ದಾರ ಎಳೆದು ತೆಗೆಯುವುದು ನನ್ನ ಕೆಲಸ. ತುದಿ ಹಿಡಿದು ಒಂದೇ ಸಮ ಎಳೆದರೆ ಸರ್ರಂತ ಪೂರ್ತಿ ದಾರ ಬರುತ್ತದೆ. ಅದರಲ್ಲಿ ನನ್ನಷ್ಟು ಜಾಣೆ ಓಣಿಯಲ್ಲೇ ಇಲ್ಲ ಅಂತ ಅವ್ವನೇ ಹೇಳಿದ್ದಳು. ಇದೂ ದಾರವೇ ತಾನೆ? ಹುಸೇನವ್ವನಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ, ಅದಕ್ಕೇ ದಿನಕ್ಕೆ ಒಂದು ಸುತ್ತು ಅನ್ನುವುದು ನನ್ನ ತೀರ್ಮಾನ.

ಮಧ್ಯಾಹ್ನ ಅವ್ವ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಅಕ್ಕನಿಗೆ ಜೊಂಪು ಹತ್ತಿತ್ತು. ಮೆಲ್ಲಗೆ ಅರಿವೆ ಬಿಚ್ಚಿ, ಕಡ್ಡಿ ಹಿಡಿದು ಎಳೆದೆ. ಸ್ವಲ್ಪ ಬಂತು. ಇನ್ನೂ ಸ್ವಲ್ಪ ಬಂತು. ಖುಷಿಯಾಗಿ ಜೋರಾಗಿ ಎಳೆದೆ. ಕೈ ಹಗುರಾಯಿತು. ಕಡ್ಡಿ ನನ್ನ ಕೈಯಲ್ಲಿ, ಕಡ್ಡಿಯ ತುದಿಗೆ ಗೇಣುದ್ದದ ದಾರ, ಉಳಿದದ್ದು ಕಣ್ಣೆದುರೇ ಒಳಗೆ ಹೋಯಿತು. ಅಕ್ಕ ಚೀರಿದ ಚೀರು ನನ್ನ ಕಿವಿಯಲ್ಲಿ ಈಗಲೂ ಇದೆ. ನಾನು ಕಡ್ಡಿಯನ್ನು ಒಲೆಯೊಳಗೆ ಎಸೆದು ಜೋಳದ ಗುಮ್ಮಿಯ ಹಿಂದೆ ಅಡಗಿದೆ.

ಸಂಜೆ ಹುಸೇನವ್ವ ಬಂದು ಕಾಲು ನೋಡಿ, "ಇದನ್ನ ಯಾರೋ ಎಳದಾರ" ಅಂದಳು. ಅವ್ವ ನನ್ನ ಕಡೆ ತಿರುಗುವಷ್ಟರಲ್ಲಿ ಅಕ್ಕ, "ನಿದ್ದಿಗಣ್ಣಾಗ ನಾನ ಕಾಲು ಜಾಡಿಸೇನಿ, ಯವ್ವಾ. ತಾನ ಹರೀತು" ಅಂದಳು. ನನಗೆ ಜೀವ ಬಂದಂತಾಯಿತು. ಅಕ್ಕ ನಿಜವಾಗಿ ಹಾಗೆ ತಿಳಿದಿದ್ದಾಳೆ ಅಂದುಕೊಂಡೆ. ಊಟಕ್ಕೆ ಕುಂತಾಗ ಅವಳು ನನ್ನನ್ನು ಹತ್ತಿರ ಕರೆದು, ಹಸಿ ಅರಿವೆಯಿಂದ ನನ್ನ ಕೈಯನ್ನು ಒಂದೊಂದೇ ಬೆರಳು ಹಿಡಿದು ಒರೆಸಿದಳು. ಅವಳ ಅಂಗೈ ಜ್ವರದಿಂದ ಸುಡುತ್ತಿತ್ತು. ರೊಟ್ಟಿ ತಿನ್ನುವ ಕೈ ಹೊಲಸಾಗಿದೆ, ಅದಕ್ಕೆ ಅಂದುಕೊಂಡು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಕಾಲು ಕುಂಬಳಕಾಯಿಯಂತಾಯಿತು, ಕೀವು ಕಟ್ಟಿತು, ಕೊಪ್ಪಳದ ದವಾಖಾನೆಗೆ ಒಯ್ದರು, ಜೀವ ಉಳಿಯಿತು. ಮೊಣಕಾಲು ಮಾತ್ರ ನೆಟ್ಟಗೆ ನಿಂತುಬಿಟ್ಟಿತು, ಮತ್ತೆ ಮಡಚಲಿಲ್ಲ. ಬಾವಿಯ ಮೆಟ್ಟಿಲು ಮುಗಿಯಿತು. ಯಲಬುರ್ಗಾದ ಎರಡು ಮೈಲಿಯೂ ಮುಗಿಯಿತು. ಪರೀಕ್ಷೆಯ ದಿನ ಅಪ್ಪನ ಗೆಳೆಯನೊಬ್ಬ ಬಾರುಕೋಲು ಹಿಡಿದು ಬಾಗಿಲಿಗೆ ಬಂದು, "ಬಂಡಿ ಇವತ್ತ ಬ್ಯಾಡಲ್ಲಾ?" ಅಂತ ಕೇಳಿದ. ನಾರು ಇದ್ದರೂ ಇರಲಿ, ಬಂಡಿಯಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಪರೀಕ್ಷೆಗೆ ಒಯ್ಯೋಣ ಅಂತ ಅಪ್ಪ ಮೊದಲೇ ಅವನಿಗೆ ಹೇಳಿಟ್ಟಿದ್ದನಂತೆ. ಅದು ನನಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಯಾರು ಹೇಳುತ್ತಾರೆ?

ಆ ಮೇಲೆ ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕುಂತು ನನಗೆ ಓದಿಸಿದಳು. ತನ್ನ ಪುಸ್ತಕಗಳನ್ನೇ ಓದಿಸಿದಳು, ಅಂಚಿನಲ್ಲಿ ತಾನು ಬರೆದುಕೊಂಡ ಸಣ್ಣ ಅಕ್ಷರಗಳ ಸಮೇತ. ನಾನು ದಡ್ಡಿಯೇನಲ್ಲ, ಆದರೆ ಅವಳಷ್ಟು ಜಾಣೆಯೂ ಅಲ್ಲ. ಲೆಕ್ಕ ತಪ್ಪಿದರೆ ಪಾಟಿಯ ಮೇಲೆ ಬಳಪದಿಂದ ಟಕ್ ಅಂತ ಕುಟ್ಟಿ, "ಅವಸರ ಮಾಡಬ್ಯಾಡ. ನಿಂದು ಎಲ್ಲಾದರಾಗೂ ಅವಸರ" ಅನ್ನುವಳು. ಅವಳು ಆ ಮಾತಾಡಿದಾಗಲೆಲ್ಲ ನಾನು ಪಾಟಿ ಒರೆಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ನಾನೇ ಎಳೆದದ್ದು ಅಂತ ಹೇಳಬೇಕು ಹೇಳಬೇಕು ಅನ್ನುತ್ತಲೇ ಹೈಸ್ಕೂಲು ಮುಗಿಸಿದೆ, ಹೇಳಬೇಕು ಅನ್ನುತ್ತಲೇ ಬಳ್ಳಾರಿಗೆ ಡಾಕ್ಟರಿಕೆ ಓದಲು ಹೋದೆ. ಅಲ್ಲಿ ಪರೀಕ್ಷೆಯಲ್ಲಿ ಪ್ರೊಫೆಸರರು ಒಂದು ಬಾಟಲಿ ಮುಂದಿಟ್ಟು, ಇದೇನು ಹೇಳು ಅಂದರು. ಒಳಗೆ ಸುತ್ತಿಕೊಂಡು ಮಲಗಿದ್ದಳು ನಮ್ಮ ನಾರವ್ವ. ನಾನು ಉತ್ತರ ಹೇಳುವ ಬದಲು ಗಳಗಳ ಅತ್ತೆ. ಹಳ್ಳಿಯ ಹುಡುಗಿ, ಹುಳ ಕಂಡು ಹೆದರಿದಳು ಅಂತ ಅವರು ಪಾಪ ನೀರು ತರಿಸಿ ಕೊಟ್ಟರು. ಆ ನೀರನ್ನೂ ನಾನು ಬೆಳಕಿಗೆ ಹಿಡಿದು ನೋಡಿಯೇ ಕುಡಿದೆ.

ಅಷ್ಟರಲ್ಲಿ ಅಕ್ಕನ ಮದುವೆಯಾಗಿತ್ತು, ಹನುಮಸಾಗರದ ಒಬ್ಬ ಟೇಲರ್ ಜೊತೆ. ನಮ್ಮ ಮಾಮ ಮಾತು ಕಡಿಮೆಯ ಮನುಷ್ಯ. ಕನ್ಯೆ ನೋಡಲು ಬಂದ ದಿನ, ಕಾಲಿನ ವಿಷಯ ಅಪ್ಪ ತಡವರಿಸುತ್ತ ಹೇಳಿದಾಗ, "ನಂದೂ ಕುಂತ ಮಾಡೋ ಕೆಲಸಾನ ಐತ್ರಿ" ಅಂದಿದ್ದನಂತೆ. ಆ ಒಂದು ಮಾತಿಗೆ ನಾನು ಅವನನ್ನು ಇಡೀ ಜನ್ಮ ಪ್ರೀತಿಸಿದೆ.

ಎಂಬತ್ತರ ದಶಕದ ನಡುವೆ ನಾರುಹುಣ್ಣನ್ನು ಬೇರು ಸಮೇತ ಕೀಳುವ ಕೆಲಸ ಸುರುವಾದಾಗ, ಎಲ್ಲಿಗೆ ಹೋಗುತ್ತೀ ಅಂತ ಮೇಲಿನವರು ಕೇಳುವ ಮೊದಲೇ ನಾನು ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಅಂದೆ. ಗಂಗಾವತಿಗೆ ಹೋಗು, ಕಾಲುವೆ ಇದೆ, ಗದ್ದೆ ಹಸಿರಿದೆ, ಬಿಸಿಬಿಸಿ ಅನ್ನ ಸಿಗುತ್ತದೆ ಅಂತ ಹಿತೈಷಿಗಳು ಹೇಳಿದರು. ಕಾಲುವೆಯ ಹರಿಯುವ ನೀರಲ್ಲಿ ನನ್ನ ಹುಳ ಇರುವುದಿಲ್ಲವಲ್ಲ, ಏನು ಮಾಡಲಿ? ಒಂದು ಜೀಪು ಕೊಟ್ಟರು. ಆರೋಗ್ಯ ಸಹಾಯಕ ವೀರಭದ್ರಪ್ಪ ಅಂತ ಒಬ್ಬರನ್ನು ಜೊತೆ ಕೊಟ್ಟರು. ಮತ್ತೆ ಥಾನುಗಟ್ಟಲೆ ಒಳ್ಳೆಯ ನೂಲಿನ ಬಿಳಿ ಬಟ್ಟೆ. ಮೊಳ ಮೊಳ ಕತ್ತರಿಸಿ ಮನೆಮನೆಗೂ ಹಂಚುವುದು, ಕೊಡದ ಬಾಯಿಗೆ ಕಟ್ಟಿ ನೀರು ಸೋಸಿ ಕುಡಿಯಿರಿ ಅನ್ನುವುದು. ಅಷ್ಟೇ. ಔಷಧವಿಲ್ಲದ ಈ ರೋಗಕ್ಕೆ ಇದೇ ಔಷಧ.

ಮೊದಲ ದಿನ ಇರಕಲ್ಲಗಡದಲ್ಲಿ ಹಂಚಿದೆವು. ನಾನು ಭಾಷಣವನ್ನೂ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೇಳಿದರು, ಬಟ್ಟೆ ಮುಟ್ಟಲು ಮಾತ್ರ ಯಾರೂ ಮುಂದೆ ಬರಲಿಲ್ಲ. ನಾವೇ ಹೊಸ್ತಿಲ ಮೇಲೆ ಇಟ್ಟು ಬಂದೆವು. ವಾರದ ಮೇಲೆ ಹೋಗಿ ನೋಡಿದರೆ ಒಂದು ಕೊಡಕ್ಕೂ ಬಟ್ಟೆಯಿಲ್ಲ. ಹಿರಿಯ ಹೆಂಗಸೊಬ್ಬಳು ಓಣಿಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಕಡ್ಡಿಯಿಂದ ಎತ್ತಿ ಹಿಡಿದು ಜೀಪಿನ ಹತ್ತಿರ ತಂದಳು. "ಸಿಟ್ಟಾಗಬ್ಯಾಡ್ರಿ ಬಾಯಾರ. ಇವನ್ನ ಹೊಳ್ಳಿ ಒಯ್ರಿ. ನಮ್ಮ ಓಣ್ಯಾಗ ಎಲ್ಲಾರೂ ಗಟ್ಟಿಮುಟ್ಟ ಅದಾರ."

"ಗಟ್ಟಿ ಇದ್ದರೂ ಸೋಸಬೇಕವ್ವ" ಅಂದೆ ನಾನು, ಅರ್ಥವಾಗದೆ. ಆಕೆ ನನ್ನನ್ನು ಕನಿಕರದಿಂದ ನೋಡಿ ಹೋದಳು. ವೀರಭದ್ರಪ್ಪನವರು ಕೆಮ್ಮಿದರು. ಏನಾದರೂ ಗೊತ್ತಿದೆಯೇ ಅಂದರೆ, "ನೀವು ಭಾಳ ಓದಿದೋರು, ತಿಳದ ಮಾಡಿರ್ತೀರಿ ಅಂತ ಸುಮ್ಮನ ಇದ್ದೆರಿ" ಅಂದು ಗಂಟನ್ನು ಜೀಪಿಗೆ ಏರಿಸಿದರು.

ಮರುದಿನ ಹನುಮಸಾಗರದ ಸರದಿ. ಜೀಪು ನೇರ ಅಕ್ಕನ ಮನೆಗೆ ಹೋಯಿತು. ಅಕ್ಕ ಬಾಗಿಲಲ್ಲೇ ನಿಂತು ಬಟ್ಟೆಯ ಗಂಟು ನೋಡಿ ಎದೆಯ ಮೇಲೆ ಕೈ ಇಟ್ಟಳು.

"ಯವ್ವಾ! ಇಷ್ಟು ಬಿಳಿ ಅರಿವಿ ತಗೊಂಡು ಎಷ್ಟ ಮಂದಿಗೆ ಮಣ್ಣು ಕೊಡಾಕ ಹೊಂಟೀ?"

ತಲೆಗೆ ಯಾರೋ ತಂಬಿಗೆಯಿಂದ ಕುಟ್ಟಿದಂತಾಯಿತು. ಹೆಣಕ್ಕೆ ಹೊದಿಸುವುದು ಹೊಸ ಬಿಳಿ ಬಟ್ಟೆ. ಅರಿಶಿನ ಹಚ್ಚದ ಹೊಸ ಅರಿವೆ ನಮ್ಮ ಕಡೆ ಯಾವ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ, ಕೂಸಿನ ಅಂಗಿಗೂ ಮೊದಲು ಒಂದು ಬೊಟ್ಟು ಅರಿಶಿನ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ, ಊರೂರಿಗೆ ಹೋಗಿ ಮುತ್ತೈದೆಯರ ಹೊಸ್ತಿಲ ಮೇಲೆ ಹೆಣದ ಬಟ್ಟೆ ಇಟ್ಟು ಬಂದಿದ್ದೆ. ಓದು ಒಮ್ಮೊಮ್ಮೆ ಹೀಗೆ ಕಣ್ಣಿಗೆ ಮಣ್ಣೆರಚುತ್ತದೆ. ನಾನು ಕಟ್ಟೆಯ ಮೇಲೆ ಕುಂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಕ್ಕ ನಕ್ಕಳು ನೋಡಿ, ಹೊಟ್ಟೆ ಹಿಡಿದು, ಗೋಡೆಗೆ ಆತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಳಬ್ಯಾಡ. ಒಂದು ಬಟ್ಟಲು ಅರಿಶಿಣದಾಗ ಹೋಗೋ ತಪ್ಪಿಗೆ ಇಷ್ಟ್ಯಾಕ?" ಅಂದಳು.

ಓಣಿಯ ಹೆಂಗಸರನ್ನು ಕರೆದಳು. ಮಾಮ ಅಂಚು ಮಡಚಿ ಹೊಲಿದು ಕೊಟ್ಟ. ಪಡಸಾಲೆಯ ತುಂಬ ಕುಂತು ಎಲ್ಲರೂ ಒಂದೊಂದು ಬಟ್ಟೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದರು. "ಕೈಯಾಗ ಸುಮ್ಮನ ತುರುಕಬ್ಯಾಡ್ರಿ" ಅಂತ ಅಕ್ಕ ವೀರಭದ್ರಪ್ಪನವರಿಗೆ ಅಪ್ಪಣೆ ಮಾಡಿದಳು, "ಕುಬಸದ ಕಣ ಕೊಟ್ಟಂಗ ಕುಂಕುಮ ಹಚ್ಚಿ ಕೊಡಿಸ್ರಿ. ಕಣ ಕೊಟ್ರ ಯಾವ ಹೆಣಮಗಳು ಬ್ಯಾಡ ಅಂತಾಳ್ರಿ?" ಸರಕಾರದ ಸುತ್ತೋಲೆಯಲ್ಲಿ ಎಲ್ಲೂ ಇಲ್ಲದ, ರವಿಕೆ ಬಟ್ಟೆ ಕೊಟ್ಟಂತೆ ಕೊಡುವ ಆ ಪದ್ಧತಿಯನ್ನು ಮುಂದೆ ಹುಲಿಹೈದರದ ತನಕ ಮಾಡಿದೆವು. ಇರಕಲ್ಲಗಡದ ಆ ಹಿರಿಯಳು ಎರಡೂ ಕೈ ಚಾಚಿ ಬಟ್ಟೆ ಇಸಿದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು.

ನಾನು ಹೇಳಬೇಕಾದದ್ದು ಅದಲ್ಲ. ಹನುಮಸಾಗರದ ಆ ಮಧ್ಯಾಹ್ನದ ಮಾತು ಇನ್ನೂ ಉಳಿದಿದೆ.

ಹೆಂಗಸರು ಎದ್ದು ಹೋದ ಮೇಲೆ ನಾನು ಚೀಲದಿಂದ ಕಾಗದ ತೆಗೆದೆ. ಹಿಂದೆ ಯಾರಿಗೆಲ್ಲ ನಾರು ಎದ್ದಿತ್ತೋ ಅವರ ವಿವರ ಬರೆದುಕೊಳ್ಳುವ ನಮೂನೆ ಅದು. ಯಾವ ವಯಸ್ಸಿನಲ್ಲಿ, ಯಾವ ಅಂಗದಲ್ಲಿ, ಆ ಅಂಗ ಈಗ ಹೇಗಿದೆ, ಕಡ್ಡಿಗೆ ಸುತ್ತಿದರೇ, ಹುಳ ಪೂರ್ತಿ ಬಂತೇ, ಹರಿಯಿತೇ, ಹರಿದಿದ್ದರೆ ಹೇಗೆ. ಆ ಕಡೆಯ ಪ್ರಶ್ನೆಯನ್ನು ಸೇರಿಸಿದ್ದು ನಾನೇ. ಯಾಕೆ ಸೇರಿಸಿದೆ ಅಂತ ಮೀಟಿಂಗಿನಲ್ಲಿ ಕೇಳಿದವರಿಗೆ ಏನೇನೋ ದೊಡ್ಡ ಕಾರಣ ಕೊಟ್ಟಿದ್ದೆ.

ಅಕ್ಕ ಎಂದಿನಂತೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ನನ್ನೆದುರು ಕುಂತಿದ್ದಳು. ಹೆಸರು ಬರೆದೆ. ವಯಸ್ಸು ಬರೆದೆ. ಬಲ ಮೊಣಕಾಲು ಅಂತ ಬರೆದೆ. ಹರಿಯಿತೇ? ಹೌದು ಅಂತ ಬರೆದೆ. ಹೇಗೆ?

ಪೆನ್ನು ಅಲ್ಲೇ ನಿಂತಿತು. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡದ್ದು ಹೊರಗೆ ಬರಲು ನೋಡುತ್ತಿತ್ತು.

"ಅಕ್ಕಾ" ಅಂದೆ, "ಅವತ್ತ ಮಧ್ಯಾಹ್ನ ಅವ್ವ ಹೊಲಕ್ಕ ಹೋಗಿದ್ಲು. ನೀ ಮಲಗಿದ್ದಿ. ನಾನು..."

"ಕೈ ಎಲ್ಲಾ ಅರಿಶಿಣ ಆಗೈತಿ ನೋಡು, ಕಾಗದಕ್ಕ ಹತ್ತತೈತಿ" ಅಂದಳು ಅಕ್ಕ. ನನ್ನ ಕೈಯನ್ನು ಎಳೆದುಕೊಂಡಳು. ಪಕ್ಕದಲ್ಲಿದ್ದ ಹೊಸ ಬಟ್ಟೆಯೊಂದನ್ನು ನೀರಲ್ಲಿ ಅದ್ದಿ, ಒಂದೊಂದೇ ಬೆರಳು ಹಿಡಿದು ಒರೆಸಿದಳು. ಹೆಬ್ಬೆರಳು, ತೋರುಬೆರಳು, ಉಗುರಿನ ಸಂದಿ. ಅದೇ ಕೈ, ಅದೇ ಬಗೆ. ಆಗ ನನಗೆ ತಿಳಿಯಿತು. ಅವಳಿಗೆ ಅವತ್ತೇ ಗೊತ್ತಿತ್ತು. ಚೀರಿ ಎದ್ದ ಗಳಿಗೆಯಲ್ಲೇ ನನ್ನನ್ನು ನೋಡಿದ್ದಳು. ಹುಸೇನವ್ವನ ಎದುರು ಸುಳ್ಳು ಹೇಳಿದಾಗ ಗೊತ್ತಿತ್ತು, ಔಡಲೆಣ್ಣೆ ಮೆತ್ತಿದ ನನ್ನ ಬೆರಳನ್ನು ಅವ್ವ ನೋಡುವ ಮೊದಲು ಒರೆಸಿದಾಗ ಗೊತ್ತಿತ್ತು. ಹದಿಮೂರು ವರ್ಷದ ಹುಡುಗಿ, ಮೈಯೆಲ್ಲ ಜ್ವರ, ಪರೀಕ್ಷೆ ಹೋಯಿತು, ಕಾಲು ಹೋಗುತ್ತಿತ್ತು, ಆಗ ತಂಗಿಗೆ ಏಟು ಬೀಳಬಾರದು ಅಂತ ಯೋಚಿಸುತ್ತಿದ್ದಳು.

ನನಗೆ ಅಳು ತಡೆಯಲಿಲ್ಲ. ಅವಳು ಅಳಲಿಲ್ಲ. ಒರೆಸಿದ ಕೈಗೆ ಪೆನ್ನು ಕೊಟ್ಟಳು.

"ಬರಿ. ತಾನ ಹರೀತು."

"ಅಕ್ಕಾ, ಅದು ಸುಳ್ಳು. ಇದು ಸರಕಾರದ ಕಾಗದ."

"ಕಾಲು ಯಾರದು? ನಂದು. ಹೆಂಗ ಹರೀತು ಅಂತ ಹೇಳಾಕಿ ನಾನು. ನಿನ್ನ ಕೆಲಸ ಬರಕೊಳ್ಳೋದು" ಅಂದಳು. ಆಮೇಲೆ ದನಿ ಇಳಿಸಿ, "ಏಳು ವರ್ಷದ ಕೂಸು ಅಕ್ಕ ಪರೀಕ್ಷಿಗೆ ಹೋಗಲಿ ಅಂತ ಮಾಡಿದ್ದನ್ನ ಬರಿಯಾಕ ಆ ಕಾಗದದಾಗ ಖಾನಿ ಇಲ್ಲ, ತಂಗಿ. ನೋಡೇನಿ ನಾನು" ಅಂದಳು.

ಬರೆದೆ. ತಾನಾಗಿ ಹರಿಯಿತು ಅಂತ ಬರೆದೆ. ಕೆಳಗೆ ಹೆಬ್ಬೆಟ್ಟು ಒತ್ತಲು ನಾನು ಅಭ್ಯಾಸದಂತೆ ಶಾಯಿಯ ಡಬ್ಬಿ ತೆಗೆಯುವಷ್ಟರಲ್ಲಿ, ಅಕ್ಕ ಪೆನ್ನು ಕಸಿದುಕೊಂಡು ಸಹಿ ಮಾಡಿದಳು. ಏಳನೇ ಕ್ಲಾಸಿನ ಅದೇ ದುಂಡನೆಯ ಅಕ್ಷರ. ಒತ್ತಿನ ಬಾಲ ಕೂಡ ಮೊದಲಿನಂತೆಯೇ ಸುತ್ತಿತ್ತು. ಆ ಊರಿನ ಹೆಂಗಸರ ಕಾಗದಗಳ ಕಟ್ಟಿನಲ್ಲಿ ಮಿಕ್ಕವೆಲ್ಲ ಹೆಬ್ಬೆಟ್ಟು, ಅದೊಂದೇ ಸಹಿ. ಹೊರಡುವಾಗ ನನ್ನ ಕೈ ಒರೆಸಿದ ಬಟ್ಟೆಗೆ ಮತ್ತೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಒಣಗಿಸಿ ಕೊಟ್ಟಳು. ಅದು ಹರಿಯುವ ತನಕ ನನ್ನ ಚೀಲದಲ್ಲಿತ್ತು. ಹರಿದ ಮೇಲೆ ಇನ್ನೊಂದನ್ನು ಹಚ್ಚಿ ಕಳಿಸಿದಳು. ಈಗಿರುವುದು ಎಷ್ಟನೆಯದೋ, ನಾನು ಎಣಿಸಿಲ್ಲ.

ಮುಂದೆ ಆಫ್ರಿಕದ ಕೆಲಸಕ್ಕೆ ಕರೆ ಬಂತು. ಸುಡಾನಿನ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಕಡ್ಡಿಗೆ ಹುಳ ಸುತ್ತುತ್ತ ಏನೋ ಗೊಣಗುತ್ತಿದ್ದಳು. ಏನನ್ನುತ್ತಾಳೆ ಅಂತ ಜೊತೆಯವನನ್ನು ಕೇಳಿದೆ. ಬಾ ತಾಯಿ, ಅವಸರವಿಲ್ಲ ಅನ್ನುತ್ತಾಳೆ ಅಂದ. ನಾನು ಅಲ್ಲೇ ಮಣ್ಣಲ್ಲಿ ಕುಂತುಬಿಟ್ಟೆ, ಹುಸೇನವ್ವನೇ ಅಷ್ಟು ದೂರ ನಡೆದು ಬಂದಿದ್ದಳೇನೋ ಅನ್ನಿಸಿತು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಎಲ್ಲ ದೇಶದಲ್ಲೂ ಒಂದೇ ಪಾಠ ಹೇಳುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಬರೆಯಿರಿ, ಕನಿಕರದಿಂದ ಒಂದಕ್ಷರ ಬರೆಯಬೇಡಿ. ನನ್ನ ಹಿಂದೆ ಅವರು ನನ್ನನ್ನು ಕಲ್ಲಿನ ಹೃದಯದವಳು ಅನ್ನುತ್ತಿದ್ದದ್ದೂ ಗೊತ್ತು.

ನಮ್ಮ ಕಡೆಯ ಕಾಗದಗಳನ್ನೆಲ್ಲ ಬೇರೆ ದೇಶಗಳ ಕಾಗದಗಳ ಜೊತೆ ಕೂಡಿಸಿ ನೋಡುವ ಕೆಲಸ ತೊಂಬತ್ತರ ದಶಕದ ನಡುವೆ ನಡೆಯಿತು. ಸಮುದ್ರದಾಚೆಯ ಒಂದು ಊರು, ಹೊರಗೆ ಚಳಿ, ಉದ್ದನೆಯ ಮೇಜು. ಅಂಕಿ ಅಂಶ ನೋಡಿಕೊಳ್ಳುವ ಚುರುಕು ಕಣ್ಣಿನ ತರುಣನೊಬ್ಬ ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದ. ಕನ್ನಡ ಓದಲು ಬಾರದವನು, ಓದಿದ್ದು ಜೊತೆಗಿದ್ದ ಇಂಗ್ಲಿಷ್ ತರ್ಜುಮೆಯನ್ನು. ಕೆಳಗಿನ ಸಹಿಯನ್ನು ಬೆರಳಿಂದ ಸವರಿ, ಎಷ್ಟು ಚೆಂದದ ಅಕ್ಷರ ಅಂದ. ಆಮೇಲೆ, ಈ ಒಂದು ಉತ್ತರ ಹೊಂದುತ್ತಿಲ್ಲ ಮೇಡಂ ಅಂದ. ದಿನಾ ಕಡ್ಡಿಗೆ ಸುತ್ತುತ್ತಿದ್ದ ಹುಳ, ಇಷ್ಟು ಒಳಗೆ ಹೋಗಿ ಮೊಣಕಾಲೇ ನಿಂತುಹೋಗಿದೆ. ತಾನಾಗಿ ಹರಿದರೆ ಹೀಗಾಗುವುದು ಕಷ್ಟ, ಯಾರೋ ಎಳೆದಿರಬೇಕು. ಈಕೆ ಯಾರನ್ನೋ ಮುಚ್ಚಿಡುತ್ತಿದ್ದಾಳೆ. ಸಂಶಯ ಅಂತ ಗುರುತು ಹಾಕಿ ತೆಗೆದುಹಾಕಲೇ?

ಅವನು ಹೇಳಿದ್ದು ಅಕ್ಷರಶಃ ಸರಿ. ಬೇರೆ ಯಾರ ಕಾಗದವಾಗಿದ್ದರೂ ನಾನೇ ಬೆನ್ನು ತಟ್ಟಿ, ಭೇಷ್ ಅನ್ನುತ್ತಿದ್ದೆ.

ಕಾಗದವನ್ನು ಇಸಿದುಕೊಂಡೆ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಅರಿಶಿನದ ಕಲೆ ಇತ್ತು.

"ಇರಲಿ ಬಿಡು" ಅಂದೆ. "ಆ ಹೆಣ್ಣುಮಗಳು ನನಗೆ ಗೊತ್ತು. ಸುಳ್ಳು ಹೇಳುವವಳಲ್ಲ."